ಕ್ಯಾಮೆರಾ ಬದಲಿಸುವ ಮುಂಚೆ ಲೆನ್ಸಿಗೆ ಟಾರ್ಚ್ ಹಿಡಿದು ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಾನು ಅಂಕೋಲಾ ಹತ್ತಿರದ ಹಳ್ಳಿಯವನು. ಹಳೆಯ ಡಿಎಸ್‌ಎಲ್‌ಆರ್ ಇದೆ, 135 ಎಂಎಂ ಲೆನ್ಸ್ ಇದೆ. ಈಚೆಗೆ ಸೆಕೆಂಡ್ ಹ್ಯಾಂಡ್ ಸ್ಟಾರ್ ಟ್ರ್ಯಾಕರ್ (ನಕ್ಷತ್ರಗಳ ಜೊತೆಗೇ ಕ್ಯಾಮೆರಾವನ್ನು ಮೆಲ್ಲಗೆ ತಿರುಗಿಸುವ ಯಂತ್ರ) ತಗೊಂಡೆ. ಡಿಸೆಂಬರ್‌ನಿಂದ ಮಹಾವ್ಯಾಧದ (ಓರಿಯನ್ ನಕ್ಷತ್ರಪುಂಜದ) ನೀಹಾರಿಕೆ ಹಿಡಿಯಲು ಒದ್ದಾಡುತ್ತಿದ್ದೇನೆ. 1 ನಿಮಿಷ ಎಕ್ಸ್‌ಪೋಷರ್ ಕೊಟ್ಟರೆ ನಕ್ಷತ್ರಗಳು ಗೀಟಾಗುತ್ತವೆ. ಅರ್ಧ ಗಂಟೆ ಕಳೆದರೆ ಚಿತ್ರವೆಲ್ಲ ಹಾಲು ಚೆಲ್ಲಿದ ಹಾಗೆ ಮಸುಕು. ಕೆಂಪು ಬಣ್ಣವೂ ಸರಿಯಾಗಿ ಬರುವುದಿಲ್ಲ. ಹೊಸ ಕ್ಯಾಮೆರಾ ತಗೊಳ್ಳಲಾ?

ಉತ್ತರ: ಬೇಡ. ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ನೀವು ಹೇಳಿದ ಮೂರು ತೊಂದರೆಗಳಲ್ಲಿ ಎರಡಕ್ಕೆ ಕ್ಯಾಮೆರಾ ಕಾರಣವೇ ಅಲ್ಲ.

ಮೊದಲು ಆ ಹಾಲಿನ ವಿಷಯ. ಅದು ಇಬ್ಬನಿ. ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಬಿಸಿಯನ್ನು ಮೇಲಕ್ಕೆ ಬಿಡುತ್ತಾ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ನಮ್ಮ ಕರಾವಳಿಯ ಗಾಳಿಯಲ್ಲಿ ಚಳಿಗಾಲದಲ್ಲೂ ನೀರಿನ ಪಸೆ ಇದ್ದೇ ಇರುತ್ತದೆ, ಅದು ಬಂದು ಗಾಜಿನ ಮೇಲೆ ಕೂರುತ್ತದೆ. ರಾತ್ರಿ ಅಂಗಳದಲ್ಲಿ ನಿಲ್ಲಿಸಿದ ಬೈಕಿನ ಸೀಟು ಬೆಳಿಗ್ಗೆ ಒದ್ದೆಯಾಗಿರುತ್ತದೆ ಅಲ್ವಾ, ಹಾಗೇ. ಕಾರವಾರದ ಕಡಲ ದಂಡೆಯಲ್ಲಿ ನಾನು ಒಮ್ಮೆ ಎರಡು ಗಂಟೆ ಚಿತ್ರ ತೆಗೆದು, ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ನೋಡಿದಾಗ ಮೊದಲ 20 ನಿಮಿಷದ್ದು ಬಿಟ್ಟು ಉಳಿದದ್ದೆಲ್ಲ ಹೀಗೇ ಹಾಳಾಗಿತ್ತು. ಬಹಳ ಬೇಜಾರಾಗಿತ್ತು. ಅಂದಿನಿಂದ ಪ್ರತಿ 15 ನಿಮಿಷಕ್ಕೊಮ್ಮೆ ಮುಂದಿನ ಗಾಜಿಗೆ ಓರೆಯಾಗಿ ಟಾರ್ಚ್ ಬಿಟ್ಟು ನೋಡುತ್ತೇನೆ, ಎರಡು ಚಿತ್ರಗಳ ನಡುವೆ ಮಾತ್ರ.

ಯೋಗ ಮಾಡುವ ಹಳೆಯ ಚಾಪೆಯ ತುಂಡನ್ನು ಲೆನ್ಸಿಗೆ ಕೊಳವೆಯಂತೆ ಸುತ್ತಿ, ಚಿತ್ರದ ಮೂಲೆಗೆ ಅಡ್ಡ ಬರದಷ್ಟು ಮುಂದಕ್ಕೆ ಚಾಚಿ. ಅದರ ಒಳಗೆ ಯುಎಸ್‌ಬಿಯಿಂದ ಬಿಸಿಯಾಗುವ ಪಟ್ಟಿ ಕಟ್ಟಿ. ಗಾಜು ಒದ್ದೆಯಾದ ಮೇಲಲ್ಲ, ಶುರುವಿನಲ್ಲೇ ಹಾಕಿ. ಆಗಲೇ ಒದ್ದೆಯಾಗಿದ್ದರೆ ಕರ್ಚೀಫಿನಿಂದ ಮಾತ್ರ ಒರೆಸಬೇಡಿ, ಕಡಲ ಹತ್ತಿರದ ಧೂಳಿನಲ್ಲಿ ಉಪ್ಪು, ಮರಳು ಎರಡೂ ಇರುತ್ತವೆ. ಹೇರ್ ಡ್ರೈಯರ್ ಸಣ್ಣಗಿಟ್ಟು ಒಣಗಿಸಿ. ಇನ್ನೊಂದು ಮಾತು: ಟ್ರ್ಯಾಕರ್ ಎಳೆಯುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಕೆಲವು ಪವರ್ ಬ್ಯಾಂಕ್ ಯಾರೂ ಬಳಸುತ್ತಿಲ್ಲ ಎಂದುಕೊಂಡು ನಡುವೆಯೇ ಆಫ್ ಆಗುತ್ತದೆ. ಬಿಸಿ ಪಟ್ಟಿಯನ್ನೂ ಅದಕ್ಕೇ ಜೋಡಿಸಿದರೆ ಸಾಮಾನ್ಯವಾಗಿ ಆ ಕಾಟ ತಪ್ಪುತ್ತದೆ.

ಈಗ ಗೀಟು. ಸೆಕೆಂಡ್ ಹ್ಯಾಂಡ್ ಟ್ರ್ಯಾಕರ್ ಅಂದಿರಲ್ಲ, ಅದರ ಉತ್ತರ–ದಕ್ಷಿಣ ಗೋಳಾರ್ಧದ ಸ್ವಿಚ್ ನೋಡಿ. ಅದು ದಕ್ಷಿಣಕ್ಕಿದ್ದರೆ ಯಂತ್ರ ಉಲ್ಟಾ ತಿರುಗುತ್ತದೆ. ಟ್ರ್ಯಾಕರ್ ಆಫ್ ಮಾಡಿ ಒಂದು, ಆನ್ ಮಾಡಿ ಒಂದು ಚಿತ್ರ ತೆಗೆಯಿರಿ. ಆನ್ ಇದ್ದಾಗ ಗೀಟು ಎರಡರಷ್ಟು ಉದ್ದ ಬಂದರೆ ತಪ್ಪು ಅಲ್ಲೇ ಇದೆ. ಚಂದ್ರನ ವೇಗ, ಅರ್ಧ ವೇಗ ಎಂಬ ಆಯ್ಕೆಗಳೂ ಕೆಲವದರಲ್ಲಿ ಇರುತ್ತವೆ, ನಕ್ಷತ್ರದ ವೇಗಕ್ಕೇ ಇಡಿ. ಅದೆಲ್ಲ ಸರಿ ಇದ್ದರೆ, ಟ್ರ್ಯಾಕರ್ ತಿರುಗುವ ಅಕ್ಷವನ್ನು ಧ್ರುವತಾರೆಗೆ ಗುರಿ ಇಟ್ಟದ್ದು ತಪ್ಪಿರಬಹುದು. ಮರಳಿನ ಮೇಲೆ ನಿಲ್ಲಿಸಿದ್ದರೆ ಟ್ರೈಪಾಡ್ ಮೆಲ್ಲಗೆ ಹೂತುಕೊಳ್ಳುತ್ತದೆ, ಇದು ಕಣ್ಣಿಗೆ ಕಾಣುವುದೇ ಇಲ್ಲ. ಮೂರೂ ಕಾಲಿನ ಕೆಳಗೆ ಒಡೆದ ಹಂಚಿನ ತುಂಡು ಇಡಿ.

ಬಣ್ಣದ ಮಾತು ನಿಜ, ಅದು ಕ್ಯಾಮೆರಾದ್ದೇ. ನೀಹಾರಿಕೆಯ ಹೈಡ್ರೋಜನ್ 656 ನ್ಯಾನೋಮೀಟರ್‌ನ ಕಡುಗೆಂಪು ಬೆಳಕು ಬಿಡುತ್ತದೆ. ಮಾಮೂಲಿ ಕ್ಯಾಮೆರಾದ ಒಳಗಿನ ಫಿಲ್ಟರ್ ಅದರ ಹೆಚ್ಚಿನ ಪಾಲನ್ನು ತಡೆಯುತ್ತದೆ. ಕುದುರೆ ತಲೆ ನೀಹಾರಿಕೆಗೆ ಹೊರಟರೆ ಆ ಫಿಲ್ಟರ್ ತೆಗೆಸುವ ಮಾತು ಬರುತ್ತದೆ. ಮಹಾವ್ಯಾಧದ ದೊಡ್ಡ ನೀಹಾರಿಕೆ ಎಷ್ಟು ಹೊಳೆಯುತ್ತದೆ ಅಂದರೆ ಈಗಿನ ಕ್ಯಾಮೆರಾದಲ್ಲೇ ಗುಲಾಬಿ ಬಣ್ಣದಲ್ಲಿ ಚೆನ್ನಾಗಿ ಬರುತ್ತದೆ, ಚಿತ್ರಗಳ ಸಂಖ್ಯೆ ಮಾತ್ರ ಜಾಸ್ತಿ ಬೇಕು. ಈ ನೀಹಾರಿಕೆಯ ಮೊದಲ ಫೋಟೋವನ್ನು 1880ರಲ್ಲಿ ಹೆನ್ರಿ ಡ್ರೇಪರ್ ತೆಗೆದಾಗ 51 ನಿಮಿಷ ಒಂದೇ ಸಮ ಬೆಳಕು ಬಿಡಬೇಕಾಯಿತು. ನೀವು 1 ನಿಮಿಷದ 60 ಚಿತ್ರ ತೆಗೆದು ಡೀಪ್‌ಸ್ಕೈಸ್ಟ್ಯಾಕರ್ ಅಥವಾ ಸಿರಿಲ್‌ನಲ್ಲಿ ಸೇರಿಸಿ. ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುವ ಈ ಎರಡು ತಂತ್ರಾಂಶಗಳೂ ಉಚಿತ. ಕೊನೆಯಲ್ಲಿ ಲೆನ್ಸ್ ಮುಚ್ಚಿ ಅಷ್ಟೇ ಹೊತ್ತಿನ 20 ಕಪ್ಪು ಚಿತ್ರಗಳನ್ನೂ ತೆಗೆಯಿರಿ. ನಮ್ಮ ಸೆಕೆಗೆ ಸೆನ್ಸರ್‌ನಲ್ಲಿ ಹುಟ್ಟುವ ಬಣ್ಣದ ಚುಕ್ಕೆಗಳನ್ನು ಅವು ಕಳೆಯುತ್ತವೆ.

ಪ್ರಶ್ನೆ: ನಮ್ಮದು ಶಿರಸಿ ಕಡೆ. ಮನೆಯ ಉತ್ತರಕ್ಕೆ ಪೂರ್ತಿ ಅಡಿಕೆ ತೋಟ, ಧ್ರುವತಾರೆ ಕಾಣುವುದೇ ಇಲ್ಲ. ಟ್ರ್ಯಾಕರ್ ಹೊಂದಿಸುವುದು ಹೇಗೆ?

ಉತ್ತರ: ಶಿರಸಿಯಲ್ಲಿ ಧ್ರುವತಾರೆ ಸುಮಾರು 15 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತದೆ, ಮರ ಅಡ್ಡ ಬರುವುದು ಸಹಜ. ಮೊಬೈಲ್‌ನ ಕೋನ ಅಳೆಯುವ ಆ್ಯಪ್‌ನಿಂದ ಟ್ರ್ಯಾಕರ್‌ನ ಅಕ್ಷವನ್ನು 14.6 ಡಿಗ್ರಿಗೆ ಏರಿಸಿ, ದಿಕ್ಸೂಚಿಯಿಂದ ಉತ್ತರಕ್ಕೆ ತಿರುಗಿಸಿ. ದಿಕ್ಸೂಚಿಯನ್ನು ಟ್ರೈಪಾಡಿನ ಲೋಹದಿಂದ ದೂರ ಹಿಡಿಯಿರಿ.

ಆಮೇಲೆ ಮಹಾವ್ಯಾಧನ ನಡುಪಟ್ಟಿಯ ಮೂರರಲ್ಲಿ ಮೊದಲು ಹುಟ್ಟುವ ನಕ್ಷತ್ರವನ್ನು ಹಿಡಿಯಿರಿ. ಅದು ಖಗೋಳದ ಸಮಭಾಜಕದ (ಭೂಮಿಯ ಸಮಭಾಜಕದ ನೇರಕ್ಕೆ ಆಕಾಶದಲ್ಲಿ ಎಳೆದ ಗೆರೆಯ) ಮೇಲೇ ಇದೆ ಅನ್ನಬಹುದು. ಜನವರಿ ನಡುವಿನಲ್ಲಿ ರಾತ್ರಿ 10.30ರ ಹೊತ್ತಿಗೆ ಅದು ಅತಿ ಎತ್ತರಕ್ಕೆ ಬರುತ್ತದೆ. ಟ್ರ್ಯಾಕರ್ ಓಡುತ್ತಿರಲಿ, ಲೈವ್ ವ್ಯೂನಲ್ಲಿ ದೊಡ್ಡದು ಮಾಡಿ ಐದು ನಿಮಿಷ ನೋಡಿ. ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ವಾಲಿದೆ, ಸ್ವಲ್ಪ ಪಶ್ಚಿಮಕ್ಕೆ ತಿರುಗಿಸಿ. ಉತ್ತರಕ್ಕೆ ಜಾರಿದರೆ ಪೂರ್ವಕ್ಕೆ. ಪರದೆಯಲ್ಲಿ ದಕ್ಷಿಣ ಯಾವುದು ಅಂತ ಗೊತ್ತಾಗದಿದ್ದರೆ ಕ್ಯಾಮೆರಾವನ್ನು ಚೂರು ಉತ್ತರಕ್ಕೆ ತಳ್ಳಿ, ನಕ್ಷತ್ರ ಓಡಿದ ಕಡೆ ದಕ್ಷಿಣ. ಮೊದಲ ರಾತ್ರಿ ಇದಕ್ಕೇ ಒಂದು ಗಂಟೆ ಹಿಡಿಯಬಹುದು. ಸರಿಯಾದ ಮೇಲೆ ಮೂರು ಕಾಲಿನ ಜಾಗಕ್ಕೂ ಅಂಗಳದಲ್ಲಿ ಬಣ್ಣದ ಗುರುತು ಹಾಕಿಬಿಡಿ.

ಪ್ರಶ್ನೆ: ಮಳೆಗಾಲ ಮುಗಿದು ನೋಡಿದರೆ ಲೆನ್ಸಿನ ಒಳಗೆ ಬೂಸ್ಟು. ಅಕ್ಕಿ ಡಬ್ಬಿಯಲ್ಲಿ ಇಟ್ಟರೆ ಹೋಗುತ್ತದಾ? (ಕಾರವಾರ)

ಉತ್ತರ: ಹೋಗುವುದಿಲ್ಲ, ಅಕ್ಕಿಯ ಧೂಳು ಬೇರೆ ಸೇರುತ್ತದೆ. ಬಿಚ್ಚಿ ಸ್ವಚ್ಛ ಮಾಡುವವರಿಗೇ ಕೊಡಿ. ಬೂಸ್ಟು ಗಾಜಿನ ಲೇಪವನ್ನೇ ತಿಂದಿದ್ದರೆ ಗುರುತು ಉಳಿಯುತ್ತದೆ. ಆದರೆ ಕೊಡುವ ಮುಂಚೆ ಒಂದು ರಾತ್ರಿ ಅದರಲ್ಲೇ ಕೃತ್ತಿಕೆಯ ಚಿತ್ರ ತೆಗೆದು ನೋಡಿ. ಸಣ್ಣ ಕಲೆಯಾದರೆ ಚಿತ್ರದಲ್ಲಿ ಗೊತ್ತೇ ಆಗುವುದಿಲ್ಲ. ಮುಂದಿನ ಜೂನ್‌ಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಚಿಕ್ಕ ತೇವಾಂಶ ಮಾಪಕ ತಂದಿಟ್ಟುಕೊಳ್ಳಿ. ಮುಳ್ಳು 50 ದಾಟಿದರೆ ಜೆಲ್ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ.