ಅಮ್ಮನ ಟ್ಯಾಬಿನಲ್ಲಿ ಮದುವೆ ಡಿವಿಡಿ ಓಡಿಸೋದು ಹೇಗೆ?

ಪ್ರಶ್ನೆ: ನಮ್ಮ ಮದುವೆ ಆಗಿದ್ದು 2009ರಲ್ಲಿ. ಮೂರು ಡಿವಿಡಿ ಇವೆ, ಪ್ಲೇಯರ್ ಕೆಟ್ಟು ವರ್ಷಗಳೇ ಆದವು. ತಮ್ಮ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಕಾಪಿ ಮಾಡಿಕೊಟ್ಟಿದ್ದಾನೆ. ಒಳಗೆ ವಿಟಿಎಸ್ ಅಂತ ಶುರುವಾಗುವ ಫೈಲುಗಳಿವೆ, ಮೊಬೈಲಿನಲ್ಲಿ ಒಂದೂ ಓಪನ್ ಆಗಲ್ಲ. ಒಂದು ವೆಬ್‌ಸೈಟಿಗೆ ಹಾಕಿ ಎಂಪಿ4 ಮಾಡಿದೆ. ಎಲ್ಲರ ಮುಖ ಅಗಲವಾಗಿದೆ, ಯಾರಾದರೂ ನಡೆದಾಡಿದರೆ ಮೈಮೇಲೆ ಅಡ್ಡಗೆರೆ ಬರುತ್ತದೆ. ಅಮ್ಮನಿಗೆ ಟ್ಯಾಬಿನಲ್ಲಿ ಹಾಕಿಕೊಡಬೇಕು, ದಾರಿ ಹೇಳಿ ಸಾರ್.
– ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲು ಆ ವೆಬ್‌ಸೈಟ್ ಬಿಡಿ. ಮನೆಮಂದಿಯೆಲ್ಲ ಇರುವ ವಿಡಿಯೋವನ್ನು ಯಾರದೋ ಸರ್ವರಿಗೆ ಕಳಿಸೋದು ಯಾಕೆ? ಈ ಕೆಲಸ ನಿಮ್ಮ ಲ್ಯಾಪ್‌ಟಾಪಿನಲ್ಲೇ ಆಗುತ್ತದೆ, ಕಾಸೂ ಖರ್ಚಿಲ್ಲ.

ಡಿವಿಡಿಯಲ್ಲಿ ಇರೋದು ಎಂಪೆಗ್-2 ಅನ್ನೋ ಹಳೇ ಬಗೆಯ ವಿಡಿಯೋ. ಮೊಬೈಲು, ಟ್ಯಾಬುಗಳಿಗೆ ಒಗ್ಗಿರೋದು ಅದರ ನಂತರ, 2003ರಲ್ಲಿ ಬಂದ ಎಚ್.264. ಅದಕ್ಕೇ ಓಪನ್ ಆಗಲ್ಲ. ಟ್ಯಾಬಿಗೆ ವಿಎಲ್‌ಸಿ ಆ್ಯಪ್ ಹಾಕಿದರೆ ಆ ಫೈಲುಗಳು ಹಾಗೇ ಓಡುತ್ತವೆ, ನಿಮಗೊಬ್ಬರಿಗೆ ಒಮ್ಮೆ ನೋಡೋಕೆ ಅಂದರೆ ಅಷ್ಟು ಸಾಕು. ಆದರೆ ಡಿವಿಡಿ ತನ್ನ ವಿಡಿಯೋವನ್ನು 1 ಜಿಬಿಗೊಂದರಂತೆ ಕತ್ತರಿಸಿ ಇಟ್ಟಿರುತ್ತದೆ. ಧಾರೆ ನಡೀತಾ ಇರುವಾಗಲೇ ಫೈಲು ಮುಗಿದು, ಅಮ್ಮ ಮುಂದಿನದನ್ನು ಹುಡುಕುತ್ತಾ ಕೂರಬೇಕು. ಜಾಗವೂ ಜಾಸ್ತಿ ಬೇಕು, ಒಂದೊಂದು ಡಿಸ್ಕೂ 4 ಜಿಬಿ ಮೇಲೆ ಇರಬಹುದು. ಹಾಗಾಗಿ ನಿಮ್ಮ ವಿಷಯದಲ್ಲಿ ಕನ್ವರ್ಟ್ ಮಾಡೋದೇ ಸರಿ.

ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರ್ ಇದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಸಿಗುತ್ತದೆ. ಅದರದ್ದೇ ಸೈಟಿನಿಂದ ಇಳಿಸಿಕೊಳ್ಳಿ. ಒಂದೊಂದೇ ಫೈಲನ್ನು ಅದಕ್ಕೆ ಕೊಡಬೇಡಿ, ನಿಮ್ಮ ತಮ್ಮ ಕಾಪಿ ಮಾಡಿದ ವಿಡಿಯೋ-ಟಿಎಸ್ ಅನ್ನೋ ಪೂರ್ತಿ ಫೋಲ್ಡರ್ ತೋರಿಸಿ. ಆಗ ತುಂಡುಗಳನ್ನೆಲ್ಲ ಅದೇ ಸೇರಿಸಿಕೊಂಡು ಒಂದು ಪಟ್ಟಿ ಕೊಡುತ್ತದೆ. ಅದರಲ್ಲಿ ಎಲ್ಲಕ್ಕಿಂತ ಉದ್ದದ್ದನ್ನು ಆರಿಸಿ, ಚಿಕ್ಕಚಿಕ್ಕವು ಮೆನುವಿನ ಹಿಂದೆ ಹೂವು ಉದುರಿಸುವ ತುಣುಕುಗಳು, ಅಷ್ಟೇ. ಪ್ರೀಸೆಟ್‌ಗಳಲ್ಲಿ 'ಫಾಸ್ಟ್ 576ಪಿ25' ಹಾಕಿ. 1080ಪಿ ನೋಡಿ ಆಸೆಪಡಬೇಡಿ. ನಮ್ಮಲ್ಲಿ ಡಿವಿಡಿಯ ಚಿತ್ರ 720ಕ್ಕೆ 576 ಚುಕ್ಕಿ, ಅದನ್ನು ಹಿಗ್ಗಿಸಿದರೆ ಫೈಲು ದಪ್ಪ ಆಗುತ್ತದೆ ಹೊರತು ಚಿತ್ರ ಚೂಪಾಗಲ್ಲ.

ಇನ್ನು ಆ ಅಡ್ಡಗೆರೆ. ಡಿವಿಡಿಯಲ್ಲಿ ಸೆಕೆಂಡಿಗೆ 25 ಚಿತ್ರ ಇರುತ್ತವೆ, ಆದರೆ ನಿಮ್ಮ ಕಾಲದ ಕ್ಯಾಮೆರಾಗಳಲ್ಲಿ ಒಂದೊಂದು ಚಿತ್ರವೂ ಎರಡು ಅರ್ಧಗಳಿಂದ ಆದದ್ದು. ಮೊದಲು ಒಂದು ಬಿಟ್ಟು ಒಂದು ಗೆರೆ, ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ಉಳಿದ ಗೆರೆಗಳು. ಅಕ್ಷತೆ ಹಾಕಲು ಎತ್ತಿದ ಕೈ ಅಷ್ಟರಲ್ಲೇ ಸ್ವಲ್ಪ ಮುಂದೆ ಹೋಗಿರುತ್ತದೆ. ಹಳೇ ಪಿಕ್ಚರ್ ಟ್ಯೂಬ್ ಟಿವಿ ಎರಡು ಅರ್ಧವನ್ನೂ ಒಂದಾದ ಮೇಲೆ ಒಂದು ತೋರಿಸುತ್ತಿತ್ತು, ಕಣ್ಣಿಗೆ ಏನೂ ಗೊತ್ತಾಗುತ್ತಿರಲಿಲ್ಲ. ನೀವು ಬಳಸಿದ ವೆಬ್‌ಸೈಟ್ ಎರಡನ್ನೂ ಒಟ್ಟಿಗೆ ಅಂಟಿಸಿಬಿಟ್ಟಿದೆ, ಅದಕ್ಕೇ ಕೈಯ ಅಂಚು ಗೆರೆಗೆರೆಯಾಗಿ ಒಡೆದು ಕಾಣುತ್ತದೆ. ಹ್ಯಾಂಡ್‌ಬ್ರೇಕಿನ ಫಿಲ್ಟರ್ಸ್ ಪುಟದಲ್ಲಿ ಡೀಇಂಟರ್‌ಲೇಸ್ ಅಂತ ಇದೆ, ಅಲ್ಲಿ ಡೀಕೋಂಬ್ ಆನ್ ಆಗಿದೆಯಾ ನೋಡಿ, ಇಲ್ಲದಿದ್ದರೆ ಆನ್ ಮಾಡಿ. ಬೇರೆ ಏನನ್ನು ಮರೆತರೂ ಇದನ್ನು ಮರೀಬೇಡಿ, ಯಾಕಂದ್ರೆ ಗೆರೆ ಸಮೇತ ಕನ್ವರ್ಟ್ ಆದ ಫೈಲನ್ನು ಆಮೇಲೆ ಸರಿಮಾಡೋದು ಬಹಳ ಕಷ್ಟ.

ಮುಖ ಅಗಲ ಆಗಿದ್ದಕ್ಕೂ ಹೆಚ್ಚುಕಮ್ಮಿ ಇಂಥದ್ದೇ ಕಾರಣ. ಡಿವಿಡಿಯ ಚುಕ್ಕಿಗಳು ಚೌಕ ಅಲ್ಲ. 4:3 ವಿಡಿಯೋ ಆದರೆ ತೋರಿಸುವಾಗ 768ಕ್ಕೆ 576 ಆಗಬೇಕು, ಅದನ್ನು ಎಳೆದು ಅಗಲದ 16:9 ಪರದೆಗೆ ತುಂಬಿಸಿದರೆ ಇಡೀ ಬೀಗರ ಕಡೆಯವರು ಒಂದೇ ಸಲ ದಪ್ಪ ಆಗ್ತಾರೆ. ಹ್ಯಾಂಡ್‌ಬ್ರೇಕ್ ಇದನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ, ಅಳತೆಯ ಪುಟದಲ್ಲಿ ನೀವು ಕೈಯಾಡಿಸದಿದ್ದರೆ ಸಾಕು. ಟ್ಯಾಬಿನಲ್ಲಿ ಎಡಬಲಕ್ಕೆ ಕಪ್ಪು ಪಟ್ಟಿ ಕಾಣುತ್ತದೆ. ಕಾಣಲಿ ಬಿಡಿ.

ಗುಣಮಟ್ಟಕ್ಕೆ ಆರ್‌ಎಫ್ ಅನ್ನೋ ಸಂಖ್ಯೆ ಇದೆ. ಚಿಕ್ಕದಾದಷ್ಟೂ ಚಿತ್ರ ಚೆಂದ, ಫೈಲು ದೊಡ್ಡದು. ಡಿವಿಡಿಗೆ 18ರಿಂದ 22ರೊಳಗೆ ಇರಲಿ, ನಾನು 20 ಇಡುತ್ತೇನೆ. ಪೂರ್ತಿ ಕನ್ವರ್ಟ್‌ಗೆ ಹಾಕುವ ಮೊದಲು ಪ್ರಿವ್ಯೂನಲ್ಲಿ ಅರ್ಧ ನಿಮಿಷದ ತುಣುಕು ಮಾಡಿ ನೋಡಿ, ಜನ ಓಡಾಡುವ ಜಾಗವನ್ನೇ ಆರಿಸಿ, ಊಟದ ಪಂಕ್ತಿಯಲ್ಲಿ ಬಡಿಸುವವರು ಇದ್ದರೆ ಇನ್ನೂ ಒಳ್ಳೆಯದು. ಗೆರೆ ಇಲ್ಲ, ಮುಖ ಸರಿ ಇದೆ ಅಂದರೆ ಚಾರ್ಜರ್ ಸಿಕ್ಕಿಸಿ ರಾತ್ರಿಗೆ ಬಿಟ್ಟುಬಿಡಿ. ಆದ ಫೈಲನ್ನು ಕೇಬಲ್ ಹಾಕಿ ಟ್ಯಾಬಿಗೆ ಕಾಪಿ ಮಾಡಿ. ವಾಟ್ಸ್‌ಆ್ಯಪಿನಲ್ಲೇ ಕಳಿಸಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, 2 ಜಿಬಿವರೆಗೆ ಹೋಗುತ್ತದೆ. ವಿಡಿಯೋ ಅಂತ ಕಳಿಸಿದರೆ ಅದು ಮತ್ತೆ ಹಿಂಡಿ ಚಿತ್ರ ಹಾಳುಮಾಡುತ್ತದೆ. ಮೂಲ ಫೋಲ್ಡರ್ ಮಾತ್ರ ಅಳಿಸಬೇಡಿ. ಮುಂದೆ ಬೇರೆ ಬಗೆಯ ಫೈಲು ಬೇಕಾದರೆ ಅದರಿಂದಲೇ ಮಾಡಬೇಕು, ಕನ್ವರ್ಟ್ ಆದದ್ದನ್ನೇ ಮತ್ತೆ ಮತ್ತೆ ಕನ್ವರ್ಟ್ ಮಾಡಿದರೆ ಪ್ರತಿ ಸಲವೂ ಚಿತ್ರ ಸ್ವಲ್ಪ ಸ್ವಲ್ಪ ಕೆಡುತ್ತದೆ.

ಪ್ರಶ್ನೆ: 1996ರ ಗೃಹಪ್ರವೇಶದ ವಿಎಚ್‌ಎಸ್ ಕ್ಯಾಸೆಟ್ ಸಿಕ್ಕಿದೆ. ಪಕ್ಕದ ಮನೆಯವರ ವಿಸಿಆರ್ ಇನ್ನೂ ಓಡುತ್ತಿದೆಯಂತೆ. ನಾವೇ ಮೊಬೈಲಿಗೆ ತರಬಹುದಾ?
– ಓದುಗರು, ಕುಂದಾಪುರ

ಉತ್ತರ: ತರಬಹುದು, ಆದರೆ ಕ್ಯಾಸೆಟ್ಟನ್ನು ಸುಮ್ನೆ ತುರುಕಬೇಡಿ. ಕಿಟಕಿಯಂಥ ಗಾಜಿನಲ್ಲಿ ಟೇಪಿನ ಸುರುಳಿ ನೋಡಿ. ಅಂಚಿನಲ್ಲಿ ಬಿಳಿ ಪುಡಿಯಂತೆ ಕಂಡರೆ ಬೂಷ್ಟು, ನಿಮ್ಮ ಕಡೆಯ ತೇವಕ್ಕೆ ಅದು ಸಾಮಾನ್ಯ. ಹಾಗೇ ಓಡಿಸಿದರೆ ವಿಸಿಆರಿನ ಹೆಡ್ಡೂ ಕೆಡುತ್ತದೆ, ಟೇಪೂ ಕಿತ್ತುಹೋಗಬಹುದು. ಜಪಾನಿನ ಫುನಾಯ್ ಕಂಪನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು, ಹೊಸದು ಸಿಗಲ್ಲ, ಪಕ್ಕದ ಮನೆಯವರ ಜತೆ ಜಗಳ ಬೇಡ. ಬೂಷ್ಟಿದ್ದರೆ ಟೇಪ್ ಕ್ಲೀನ್ ಮಾಡುವವರಿಗೇ ಕೊಡಿ.

ಟೇಪ್ ಚೆನ್ನಾಗಿದ್ದರೆ ಯುಎಸ್‌ಬಿ ವಿಡಿಯೋ ಕ್ಯಾಪ್ಚರ್ ಸ್ಟಿಕ್ ಒಂದು ತನ್ನಿ, ವಿಸಿಆರಿನ ಹಳದಿ, ಬಿಳಿ, ಕೆಂಪು ವೈರ್ ಅದಕ್ಕೆ ಸಿಕ್ಕಿಸಿ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿ. ಚಿತ್ರ ಕಪ್ಪುಬಿಳುಪಾಗಿ ಬಂದರೆ ಅಥವಾ ಉರುಳುತ್ತಿದ್ದರೆ ಸೆಟ್ಟಿಂಗ್ ಎನ್‌ಟಿಎಸ್‌ಸಿ ಅನ್ನೋ ಅಮೆರಿಕದ ಟಿವಿ ಪದ್ಧತಿಯಲ್ಲಿ ಇರುತ್ತದೆ, ನಮ್ಮ ಕಡೆಯ ಪಾಲ್‌ಗೆ ಬದಲಾಯಿಸಿ. ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು, ಬೇಗ ಮುಗಿಸುವ ದಾರಿ ಇಲ್ಲ. ರೆಕಾರ್ಡ್ ಆದ ಮೇಲೆ ತೀರ್ಥಹಳ್ಳಿಯವರಿಗೆ ಹೇಳಿದ್ದನ್ನೇ ಮಾಡಿ, ಅಡ್ಡಗೆರೆ ಇಲ್ಲೂ ಇರುತ್ತದೆ.

ಪ್ರಶ್ನೆ: ಮಗ ಐಫೋನಿನಲ್ಲಿ ಮೊಮ್ಮಗಳ ವಿಡಿಯೋ ತೆಗೆದು ಪೆನ್‌ಡ್ರೈವಿಗೆ ಹಾಕಿಕೊಟ್ಟ. ನಮ್ಮ ಹಳೇ ಎಲ್‌ಇಡಿ ಟಿವಿಯಲ್ಲಿ ಧ್ವನಿ ಮಾತ್ರ ಕೇಳುತ್ತದೆ. ಹೆಸರಿನ ಕೊನೆ ಎಂಪಿ4 ಅಂತ ಬದಲಾಯಿಸಿದರೂ ಆಗಲಿಲ್ಲ.
– ಓದುಗರು, ಹಾಸನ

ಉತ್ತರ: ಎಂಪಿ4 ಅನ್ನೋದು ಡಬ್ಬಿ ಮೇಲಿನ ಚೀಟಿ. ಚೀಟಿ ಬದಲಾಯಿಸಿದರೆ ಒಳಗಿನ ಸಾಮಾನು ಬದಲಾಗಲ್ಲ ಅಲ್ವಾ? 2017ರ ಐಒಎಸ್ 11ರಿಂದ ಐಫೋನುಗಳು ಎಚ್‌ಇವಿಸಿ ಅನ್ನೋ ಹೊಸ ಬಗೆಯಲ್ಲಿ ವಿಡಿಯೋ ತೆಗೆಯುತ್ತವೆ, ಹಳೇ ಟಿವಿಗೆ ಅದು ತಿಳಿಯಲ್ಲ. ಇರುವ ವಿಡಿಯೋವನ್ನು ಹ್ಯಾಂಡ್‌ಬ್ರೇಕಿನಲ್ಲಿ 'ಫಾಸ್ಟ್ 1080ಪಿ30' ಹಾಕಿ ಎಚ್.264 ಮಾಡಿಕೊಳ್ಳಿ. ಮುಂದಿನ ಸಲಕ್ಕೆ ಮಗನ ಫೋನಿನ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್ ಒಳಗೆ 'ಮೋಸ್ಟ್ ಕಂಪ್ಯಾಟಿಬಲ್' ಮಾಡಿಸಿ.

ದೊಡ್ಡ ಫೈಲು ಪೆನ್‌ಡ್ರೈವಿಗೆ ಹತ್ತದೆ ಎರರ್ ಬಂದರೆ ಗಾಬರಿ ಬೇಡ, ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟಿನ ಪೆನ್‌ಡ್ರೈವು 4 ಜಿಬಿಗಿಂತ ದೊಡ್ಡ ಫೈಲು ಹಿಡಿಯಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಬಹುದು, ಆದರೆ ಕೆಲವು ಹಳೇ ಟಿವಿಗಳು ಅದನ್ನು ಓದಲ್ಲ. ನಿಮ್ಮದೂ ಹಾಗೇ ಆದರೆ ಫೈಲನ್ನೇ 4 ಜಿಬಿ ಒಳಗೆ ಬರುವ ಹಾಗೆ ಕನ್ವರ್ಟ್ ಮಾಡಿ. ಫಾರ್ಮ್ಯಾಟ್ ಮಾಡುವ ಮೊದಲು ಅದರಲ್ಲಿ ಇರೋದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ, ಎಲ್ಲ ಅಳಿಸಿಹೋಗುತ್ತದೆ.