ಓದುಗರ ಪ್ರಶ್ನೆ, ವಕೀಲರ ಉತ್ತರ: ಮಗುವಿನ ಮೇಲಿನ ದೌರ್ಜನ್ಯದ ಸುಳ್ಳು ಆರೋಪ ಎದುರಾದಾಗ

(ಪತ್ರ ಬರೆದವರ ಹೆಸರು, ಊರುಗಳನ್ನು ಕೈಬಿಡಲಾಗಿದೆ. ಕಾನೂನಿನ ಕಲಮುಗಳು ದೇಶದಿಂದ ದೇಶಕ್ಕೆ ಬದಲಾಗುವುದರಿಂದ, ಯಾವ ನ್ಯಾಯಾಲಯದಲ್ಲಾದರೂ ಉಪಯೋಗಕ್ಕೆ ಬರುವ ಸಂಗತಿಗಳನ್ನಷ್ಟೇ ಇಲ್ಲಿ ಹೇಳಲಾಗಿದೆ.)

ಪ್ರಶ್ನೆ: ನಾನು ಹದಿನಾಲ್ಕು ವರ್ಷಗಳಿಂದ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿರುವ ಶಿಕ್ಷಕ. ಐದು ವರ್ಷದ ವಿದ್ಯಾರ್ಥಿನಿಯೊಬ್ಬಳನ್ನು ಅಸಭ್ಯವಾಗಿ ಮುಟ್ಟಿದೆನೆಂದು ಆಕೆಯ ತಾಯಿ ದೂರು ಕೊಟ್ಟಿದ್ದಾರೆ. ಶಾಲೆಯವರು ನನ್ನನ್ನು ಅಮಾನತುಗೊಳಿಸಿ ಲಿಖಿತ ವಿವರಣೆ ಕೇಳಿದ್ದಾರೆ. ಆ ದಂಪತಿ ನನಗೆ ಪರಿಚಿತರು. ಅವರ ಮನೆಗೇ ಹೋಗಿ ನಿಜಸಂಗತಿಯನ್ನು ಮನವರಿಕೆ ಮಾಡಿಕೊಟ್ಟರೆ ವಿಷಯ ಅಲ್ಲಿಗೇ ಮುಗಿಯಬಹುದಲ್ಲವೇ?

ಉತ್ತರ: ದಯವಿಟ್ಟು ಹೋಗಬೇಡಿ. ಫೋನು ಮಾಡಬೇಡಿ, ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಮಧ್ಯಸ್ಥಿಕೆಗೆ ಕಳುಹಿಸಲೂ ಬೇಡಿ. ನಿಮ್ಮ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ದೂರು ದಾಖಲಾದ ಮೇಲೆ ನೀವು ಆ ಮನೆಯ ಬಾಗಿಲು ತಟ್ಟಿದ್ದು ಸಾಕ್ಷಿಯ ಮೇಲೆ ಒತ್ತಡ ತರುವ ಪ್ರಯತ್ನವೆಂದೇ ದಾಖಲಾಗುತ್ತದೆ. ಜಾಮೀನು ಸಿಗುವುದಕ್ಕೂ ಅದು ಅಡ್ಡಿಯಾಗಬಹುದು. ಅಳುತ್ತಿರುವ ತಾಯಿಯ ಎದುರು ನಿಂತು ಸೌಜನ್ಯಕ್ಕೆಂದು "ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ" ಎಂದು ನೀವು ಆಡಿದ ಮಾತು, ಆರು ತಿಂಗಳ ನಂತರ ತಪ್ಪೊಪ್ಪಿಗೆಯ ರೂಪದಲ್ಲಿ ನ್ಯಾಯಾಧೀಶರ ಮುಂದಿರುತ್ತದೆ.

ಮೊದಲು ವಕೀಲರನ್ನು ಕಾಣಿ. ಈ ಉತ್ತರ ಅಚ್ಚಾಗಿ ಬರುವವರೆಗೆ ನೀವು ಕಾದಿಲ್ಲವೆಂದು ನಂಬುತ್ತೇನೆ. ಮಕ್ಕಳು ಸಾಕ್ಷಿಗಳಾಗಿರುವ ಪ್ರಕರಣಗಳಲ್ಲಿ ಪಾಟೀಸವಾಲು ಮಾಡಿ ಅನುಭವವಿರುವ ಕ್ರಿಮಿನಲ್ ವಕೀಲರೇ ಬೇಕು. ಆಸ್ತಿ ವ್ಯಾಜ್ಯ ನೋಡಿಕೊಳ್ಳುವ ಆಪ್ತರು ಸಾಲುವುದಿಲ್ಲ. ಶಾಲೆಯ ವಕೀಲರು ಎಷ್ಟೇ ಆತ್ಮೀಯವಾಗಿ ಮಾತನಾಡಿದರೂ ಅವರು ಸಂಸ್ಥೆಯ ವಕೀಲರೇ ಹೊರತು ನಿಮ್ಮವರಲ್ಲ. ಶಾಲೆಗೆ ನೀವು ಬರೆದುಕೊಡುವ ವಿವರಣೆ ಪೊಲೀಸರ ಕೈಗೂ ಹೋಗಬಹುದಾದ್ದರಿಂದ, ನಿಮ್ಮ ವಕೀಲರು ನೋಡದ ಒಂದು ಸಾಲನ್ನೂ ಕೊಡಬೇಡಿ. ಆರೋಪವನ್ನು ಸ್ಪಷ್ಟವಾಗಿ ನಿರಾಕರಿಸುವ, ವಿಚಾರಣೆಗೆ ವಕೀಲರ ಮೂಲಕ ಸಹಕರಿಸುವುದಾಗಿ ತಿಳಿಸುವ ನಾಲ್ಕು ಸಾಲು ಸಾಕಾಗುತ್ತದೆ. ಮೌನವಾಗಿದ್ದರೆ ತಪ್ಪಿತಸ್ಥನಂತೆ ಕಾಣುವೆನೆಂಬ ಅಂಜಿಕೆ ನಿರ್ದೋಷಿಗಳನ್ನೇ ಹೆಚ್ಚು ಕಾಡುತ್ತದೆ. ಆ ಅಂಜಿಕೆಯಿಂದ ಅವರು ವಿಪರೀತ ಮಾತನಾಡಿ, ದಿನಾಂಕವನ್ನೋ ಸಮಯವನ್ನೋ ತಪ್ಪಾಗಿ ಹೇಳಿ, ಆಮೇಲೆ ತಮ್ಮ ಮಾತಿಗೆ ತಾವೇ ಸಿಕ್ಕಿಬೀಳುವುದನ್ನು ನಾನು ಕಂಡಿದ್ದೇನೆ.

ಇನ್ನು ಪ್ರತಿವಾದದ ತಿರುಳಿಗೆ ಬರೋಣ. "ಮಗು ಸುಳ್ಳು ಹೇಳುತ್ತಿದೆ" ಎಂಬುದು ನಿಮ್ಮ ವಾದವಾಗಬಾರದು. ಅದು ನ್ಯಾಯಾಲಯಕ್ಕೆ ಹಿಡಿಸುವುದಿಲ್ಲ, ಬಹುಮಟ್ಟಿಗೆ ನಿಜವೂ ಆಗಿರುವುದಿಲ್ಲ. ಮಗು ಮೊಟ್ಟಮೊದಲು ಯಾರೊಡನೆ, ಯಾವ ಮಾತುಗಳಲ್ಲಿ, ಯಾವ ಪ್ರಶ್ನೆಗೆ ಉತ್ತರವಾಗಿ ಇದನ್ನು ಹೇಳಿತು ಎಂಬುದನ್ನು ನಿಮ್ಮ ವಕೀಲರು ಪತ್ತೆ ಮಾಡಬೇಕು. "ಇವತ್ತು ಶಾಲೆಯಲ್ಲಿ ಏನೇನಾಯಿತು ಹೇಳು" ಎಂಬ ಪ್ರಶ್ನೆಗೂ "ಮೇಷ್ಟ್ರು ನಿನ್ನನ್ನು ಇಲ್ಲಿ ಮುಟ್ಟಿದರು ಅಲ್ಲವಾ?" ಎಂಬ ಪ್ರಶ್ನೆಗೂ ಇರುವ ವ್ಯತ್ಯಾಸದ ಮೇಲೆ ಇಡೀ ಪ್ರಕರಣಗಳೇ ನಿಂತಿವೆ, ಬಿದ್ದಿವೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1983ರಲ್ಲಿ ಆರಂಭವಾದ ಮ್ಯಾಕ್‌ಮಾರ್ಟಿನ್ ಶಿಶುವಿಹಾರದ ಪ್ರಕರಣದಲ್ಲಿ, ಉಳಿದ ಮಕ್ಕಳೆಲ್ಲ ಈಗಾಗಲೇ ಹೇಳಿಬಿಟ್ಟಿದ್ದಾರೆ ಎಂಬಂಥ ಮಾತುಗಳಿಂದ, ಕೈಗೊಂಬೆಗಳ ನೆರವಿನಿಂದ ಮಕ್ಕಳ ಬಾಯಿ ಬಿಡಿಸಲಾಗಿತ್ತು. ಆ ಸಂದರ್ಶನಗಳ ವಿಡಿಯೊಗಳನ್ನು ನೋಡಿದ ಜ್ಯೂರಿ ಸದಸ್ಯರಿಗೆ ಮಕ್ಕಳ ಮಾತು ಯಾವುದು, ಕೇಳಿದವರ ಮಾತು ಯಾವುದು ಎಂದು ಬಿಡಿಸಿ ನೋಡುವುದೇ ಕಷ್ಟವಾಯಿತು. 1990ರಲ್ಲಿ ಒಬ್ಬರಿಗೂ ಶಿಕ್ಷೆಯಾಗದೆ ಪ್ರಕರಣ ಮುಗಿಯಿತು; ಅಷ್ಟರಲ್ಲಿ ಒಬ್ಬ ಆರೋಪಿ ಐದು ವರ್ಷ ಸೆರೆಮನೆಯಲ್ಲಿ ಕಳೆದಿದ್ದರು. ನ್ಯೂಜೆರ್ಸಿಯ ಶಿಶುವಿಹಾರವೊಂದರ ಶಿಕ್ಷಕಿಗೆ 1988ರಲ್ಲಿ 47 ವರ್ಷಗಳ ಶಿಕ್ಷೆಯಾಗಿತ್ತು. ಮೇಲ್ಮನವಿಯಲ್ಲಿ ಆ ತೀರ್ಪು ರದ್ದಾಯಿತು. ಮಕ್ಕಳನ್ನು ಪ್ರಶ್ನಿಸಿದ ರೀತಿಯಿಂದಲೇ ಅವರ ಹೇಳಿಕೆ ಕೆಟ್ಟಿದೆಯೇ ಎಂಬುದನ್ನು ವಿಚಾರಣೆಗೆ ಮೊದಲೇ ಪರಿಶೀಲಿಸಬೇಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1994ರಲ್ಲಿ ಹೇಳಿತು.

ಮನೋವಿಜ್ಞಾನಿಗಳಾದ ಲೈಕ್ಟ್‌ಮನ್ ಮತ್ತು ಸೆಸಿ 1995ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವೂ ಇಲ್ಲಿ ನೆನಪಾಗುತ್ತದೆ. ಸ್ಯಾಮ್ ಸ್ಟೋನ್ ಎಂಬ ಹೆಸರಿನವನೊಬ್ಬ ಮಕ್ಕಳ ತರಗತಿಗೆ ಬಂದು, ಎರಡು ನಿಮಿಷ ಇದ್ದು, ಏನನ್ನೂ ಮುಟ್ಟದೆ ಹೊರಟುಹೋಗುತ್ತಾನೆ. ಅವನೊಬ್ಬ ಎಡವಟ್ಟು ಮನುಷ್ಯನೆಂದು ಒಂದು ಗುಂಪಿನ ಮಕ್ಕಳಿಗೆ ಮೊದಲೇ ಕಥೆ ಕಟ್ಟಿ ಹೇಳಲಾಗಿತ್ತು. ಆಮೇಲೆ ಹತ್ತು ವಾರಗಳಲ್ಲಿ, ಹರಿದ ಪುಸ್ತಕ ಮತ್ತು ಕೊಳೆಯಾದ ಕರಡಿ ಗೊಂಬೆಯ ವಿಚಾರವಾಗಿ ಅವನೇ ಮಾಡಿದನೆಂಬ ಧಾಟಿಯಲ್ಲಿ ಪ್ರಶ್ನೆ ಕೇಳಲಾಯಿತು. ಕೊನೆಗೆ "ಏನಾಯಿತು?" ಎಂದಷ್ಟೇ ಕೇಳಿದಾಗ, ಆ ಗುಂಪಿನ ಮೂರು, ನಾಲ್ಕು ವರ್ಷದ ಮಕ್ಕಳಲ್ಲಿ ನೂರಕ್ಕೆ 46ರಷ್ಟು ಮಂದಿ ಅವನು ಅವನ್ನು ಹಾಳು ಮಾಡಿದನೆಂದು ತಾವಾಗಿಯೇ ಹೇಳಿದರು. ಈ ಮಕ್ಕಳು ಸುಳ್ಳು ಹೇಳುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಪೂರ್ವಕಥೆಯೂ ಇಲ್ಲದೆ, ಸೂಚಿಸುವ ಪ್ರಶ್ನೆಗಳೂ ಇಲ್ಲದೆ ವಿಚಾರಿಸಿದ ಮಕ್ಕಳು ಬಹುಪಾಲು ಸರಿಯಾಗಿಯೇ ಹೇಳಿದ್ದರು ಎಂಬುದೂ ಅಷ್ಟೇ ಮುಖ್ಯ. ಆದ್ದರಿಂದ ಮಗುವಿನ ಎಲ್ಲ ಸಂದರ್ಶನಗಳ ಧ್ವನಿಮುದ್ರಣ, ವಿಡಿಯೊ ಮತ್ತು ಸಂದರ್ಶಕರ ಕೈಬರಹದ ಟಿಪ್ಪಣಿಗಳನ್ನು ನಿಮ್ಮ ವಕೀಲರು ಕೇಳಿ ಪಡೆಯಬೇಕು. ಸಾರಾಂಶದ ವರದಿಯಿಂದ ತೃಪ್ತರಾಗಬಾರದು.

ನಿಮ್ಮ ಪಾಲಿನ ಕೆಲಸವೂ ಇದೆ. ದೂರಿನಲ್ಲಿ ಹೇಳಿರುವ ದಿನದ ವೇಳಾಪಟ್ಟಿ, ಹಾಜರಿ ಪುಸ್ತಕ, ಕೊಠಡಿಯಲ್ಲಿದ್ದ ಸಹಾಯಕಿ, ಬಾಗಿಲು ತೆರೆದಿತ್ತೇ, ಮಗುವನ್ನು ಶೌಚಾಲಯಕ್ಕೆ ಕರೆದೊಯ್ದವರು ಯಾರು, ಇವೆಲ್ಲವನ್ನೂ ನೆನಪಿರುವಾಗಲೇ ಬರೆದು, "ನನ್ನ ವಕೀಲರಿಗಾಗಿ" ಎಂದು ಮೇಲೆ ನಮೂದಿಸಿ, ಅವರಿಗೆ ಮಾತ್ರ ಕೊಡಿ. ಸಿಸಿಟಿವಿ ದೃಶ್ಯಗಳು ಕೆಲವು ದಿನ ಅಥವಾ ವಾರಗಳಲ್ಲಿ ತಾವಾಗಿ ಅಳಿಸಿಹೋಗುತ್ತವೆಯಾದ್ದರಿಂದ, ಅವನ್ನು ಕಾದಿರಿಸುವಂತೆ ವಕೀಲರ ಮೂಲಕ ಇಂದೇ ನೋಟಿಸು ಹೋಗಬೇಕು. ಪೋಷಕರೊಂದಿಗಿನ ಹಳೆಯ ಸಂದೇಶಗಳಲ್ಲಿ ನಿಮಗೆ ಮುಜುಗರವಾಗುವಂಥದ್ದು ಏನಿದ್ದರೂ ಅಳಿಸಬೇಡಿ. ಅಳಿಸಿದ ಸಂದೇಶ ಉಳಿಸಿದ ಸಂದೇಶಕ್ಕಿಂತ ಹೆಚ್ಚು ಅಪಾಯಕಾರಿ. ನಿಮ್ಮ ಪರವಾಗಿ ಸಹಿ ಸಂಗ್ರಹಿಸಲು ಹೊರಟಿರುವ ಸಹೋದ್ಯೋಗಿಗಳನ್ನು ತಡೆಯಿರಿ. ಬೇಸತ್ತು ರಾಜೀನಾಮೆ ಕೊಡಬೇಡಿ.

ಪ್ರಶ್ನೆ: ನಾನು ಮತ್ತು ಪತ್ನಿ ಬೇರೆಯಾಗಿದ್ದೇವೆ. ನಾಲ್ಕು ವರ್ಷದ ಮಗ ವಾರಾಂತ್ಯದಲ್ಲಿ ನನ್ನ ಬಳಿ ಬರುತ್ತಿದ್ದ. ನಾನು ಅವನ ಮೇಲೆ ದೌರ್ಜನ್ಯ ಮಾಡಿದೆನೆಂದು ಆಕೆ ದೂರು ಕೊಟ್ಟಿದ್ದಾಳೆ. "ಅಪ್ಪ ಏನೂ ಮಾಡಿಲ್ಲ" ಎಂದು ಮಗ ಹೇಳುವುದನ್ನು ಮೊಬೈಲಿನಲ್ಲಿ ಮುದ್ರಿಸಿಟ್ಟಿದ್ದೇನೆ. ಇದು ಸಾಕ್ಷ್ಯವಾಗುತ್ತದೆಯೇ?

ಉತ್ತರ: ನಿಮ್ಮ ವಿರುದ್ಧದ ಸಾಕ್ಷ್ಯವಾಗುವ ಸಂಭವವೇ ಹೆಚ್ಚು. ಮೇಲಿನ ಶಿಕ್ಷಕರಿಗೆ ಹೇಳಿದ ಮಾತು ಇಲ್ಲಿ ತಿರುಗಿ ನಿಮಗೇ ಅನ್ವಯಿಸುತ್ತದೆ: ಮಗುವಿನ ಬಾಯಲ್ಲಿ ನೀವು ಹೇಳಿಸಿದ ಮಾತಿಗೂ ಆಕೆ ಹೇಳಿಸಿದಳೆಂದು ನೀವು ಆಕ್ಷೇಪಿಸುವ ಮಾತಿಗೂ ನ್ಯಾಯಾಧೀಶರು ಏನು ವ್ಯತ್ಯಾಸ ಕಾಣಬೇಕು? ಆ ಮುದ್ರಣವನ್ನು ಅಳಿಸದೆ ವಕೀಲರಿಗೆ ಒಪ್ಪಿಸಿ, ಇನ್ನೊಂದನ್ನು ಮಾಡಬೇಡಿ. ಮಗನನ್ನು ತರಬೇತಿ ಪಡೆದ ಸಂದರ್ಶಕರೊಬ್ಬರು, ಅಮೆರಿಕದ ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆಯ ಹೆಸರಿನಲ್ಲಿರುವ, ಮುಕ್ತ ಪ್ರಶ್ನೆಗಳಿಗೆ ಆದ್ಯತೆ ಕೊಡುವ ಎನ್ಐಸಿಎಚ್‌ಡಿ ಪದ್ಧತಿಯಂಥ ಅಂಗೀಕೃತ ವಿಧಾನದಲ್ಲಿ, ವಿಡಿಯೊ ದಾಖಲೆಯೊಂದಿಗೆ ಮಾತನಾಡಿಸಬೇಕೆಂದು ಕೇಳಿಕೊಳ್ಳಿ.

ಪತ್ನಿ ಬೇಕೆಂದೇ ಕಥೆ ಕಟ್ಟಿದ್ದಾಳೆಂಬ ವಾದವನ್ನು ಆತುರದಲ್ಲಿ ಮುಂದಿಡಬೇಡಿ. ಕೆನಡಾದಲ್ಲಿ 1998ರ ದೂರುಗಳನ್ನು ಅಭ್ಯಸಿಸಿದ ಸಂಶೋಧಕರು, ಮಕ್ಕಳ ಮೇಲಿನ ದೌರ್ಜನ್ಯ ಮತ್ತು ನಿರ್ಲಕ್ಷ್ಯದ ಒಟ್ಟು ದೂರುಗಳಲ್ಲಿ ಉದ್ದೇಶಪೂರ್ವಕ ಸುಳ್ಳೆಂದು ಕಂಡುಬಂದವು ಶೇಕಡಾ 4, ಮಗುವಿನ ಸುಪರ್ದಿಯ ವಿವಾದವಿದ್ದಲ್ಲಿ ಶೇಕಡಾ 12 ಎಂದು ವರದಿ ಮಾಡಿದರು. ಸುಪರ್ದಿಯ ಜಗಳದಲ್ಲಿ ಪ್ರಮಾಣ ಏರುತ್ತದೆ, ನಿಜ. ಆದರೆ ಉಳಿದ ಆಧಾರರಹಿತ ದೂರುಗಳ ಹಿಂದೆ ದುರುದ್ದೇಶಕ್ಕಿಂತ ಹೆಚ್ಚಾಗಿ ಗಾಬರಿ, ತಪ್ಪುಗ್ರಹಿಕೆ ಇರುತ್ತವೆ. ಚರ್ಮದ ಕೆಂಪು ದದ್ದನ್ನು ಕಂಡು ಬೆದರಿದ ತಾಯಿಯನ್ನು ಸಂಚುಗಾರ್ತಿ ಎಂದು ಕರೆದರೆ ನೀವೇ ನಂಬಿಕೆ ಕಳೆದುಕೊಳ್ಳುತ್ತೀರಿ.

ನೀವು ಎರಡು ಕಡೆ ಹೋರಾಡಬೇಕಾಗಿದೆಯೆಂಬುದನ್ನು ಮರೆಯಬೇಡಿ. ಕ್ರಿಮಿನಲ್ ನ್ಯಾಯಾಲಯದಲ್ಲಿ ಆರೋಪವು ಸಂಶಯಾತೀತವಾಗಿ ಸಾಬೀತಾಗಬೇಕು. ಕುಟುಂಬ ನ್ಯಾಯಾಲಯದಲ್ಲಿ ಯಾವುದು ಹೆಚ್ಚು ಸಂಭವನೀಯ ಎಂಬುದಷ್ಟೇ ಸಾಕಾಗಬಹುದು. ಅಲ್ಲಿ ಗೆದ್ದು ಇಲ್ಲಿ ಸೋಲುವವರಿದ್ದಾರೆ. ಒಂದು ಕಡೆಯ ಪ್ರಮಾಣಪತ್ರದಲ್ಲಿ ಬರೆದದ್ದು ಇನ್ನೊಂದು ಕಡೆ ಪಾಟೀಸವಾಲಿಗೆ ವಸ್ತುವಾಗುವುದರಿಂದ ಎರಡೂ ಪ್ರಕರಣಗಳ ವಕೀಲರು ಪರಸ್ಪರ ಮಾತನಾಡಿಕೊಂಡಿರಬೇಕು. ಮಗನ ಭೇಟಿಯನ್ನು ನಿಲ್ಲಿಸುವ ಆದೇಶವಾದರೆ ಅಕ್ಷರಶಃ ಪಾಲಿಸಿ, ಮೇಲ್ವಿಚಾರಕರ ಸಮ್ಮುಖದ ಭೇಟಿಗೆ ಅರ್ಜಿ ಹಾಕಿ. ಮೂರನೆಯವರು ಕುಳಿತು ನೋಡುತ್ತಿರುವ ಕೋಣೆಯಲ್ಲಿ ಮಗನೊಂದಿಗೆ ಆಟವಾಡುವುದು ಅವಮಾನವೆನಿಸುತ್ತದೆ, ಬಲ್ಲೆ. ಆದರೆ ಆ ಮೂರನೆಯವರು ಬರೆಯುವ ವರದಿಯೇ ಮುಂದೆ ನಿಮಗೆ ಆಸರೆಯಾಗಬಹುದು.

ಪ್ರಶ್ನೆ: ಐದು ತಿಂಗಳ ಮಗುವಿನ ಕೈಮೂಳೆ ಮುರಿದದ್ದು ಹೇಗೆಂದು ನಮಗೆ ಹೇಳಲಾಗಲಿಲ್ಲ. ಮೈಮೇಲೆ ನೀಲಿ ಗುರುತುಗಳೂ ಇವೆಯೆಂದು ವೈದ್ಯರು ನಮ್ಮ ಮೇಲೆ ದೂರು ಕೊಟ್ಟಿದ್ದಾರೆ. ನಾವೇನು ಮಾಡಬೇಕು?

ಉತ್ತರ: ವೈದ್ಯರ ಮೇಲೆ ಸಿಟ್ಟಾಗಬೇಡಿ. ಇನ್ನೂ ನಡೆಯಲಾರದ ಕೂಸಿನ ಮೂಳೆ ಮುರಿದಿದ್ದರೆ ತಿಳಿಸುವುದು ಅನೇಕ ದೇಶಗಳಲ್ಲಿ ಅವರ ಕಾನೂನುಬದ್ಧ ಕರ್ತವ್ಯ. ಹುಟ್ಟಿನಿಂದ ಇಂದಿನವರೆಗಿನ ಎಲ್ಲ ವೈದ್ಯಕೀಯ ದಾಖಲೆಗಳನ್ನೂ, ವರದಿಯ ಕಾಗದವಷ್ಟೇ ಅಲ್ಲದೆ ಮೂಲ ಎಕ್ಸ್‌ರೇ ಚಿತ್ರಗಳನ್ನೂ ಪಡೆದು, ಮಕ್ಕಳ ರೇಡಿಯಾಲಜಿ ತಜ್ಞರೊಬ್ಬರ ಸ್ವತಂತ್ರ ಅಭಿಪ್ರಾಯ ಕೇಳಿ. ಮೂಳೆಗಳು ಸುಲಭವಾಗಿ ಮುರಿಯುವ ಆಸ್ಟಿಯೊಜೆನೆಸಿಸ್ ಇಂಪರ್ಫೆಕ್ಟಾ ಎಂಬ ಆನುವಂಶಿಕ ಕಾಯಿಲೆಗೂ, ರಕ್ತ ಹೆಪ್ಪುಗಟ್ಟುವಿಕೆಯ ದೋಷಗಳಿಗೂ ಪರೀಕ್ಷೆಯಾಗಿದೆಯೇ ನೋಡಿ. ಬೆನ್ನು, ಪೃಷ್ಠಗಳ ಮೇಲೆ ಹುಟ್ಟಿನಿಂದಲೇ ಇರುವ ನೀಲಿ ಮಚ್ಚೆಗಳನ್ನು ಪೆಟ್ಟಿನ ಗುರುತೆಂದು ತಪ್ಪು ತಿಳಿಯುವುದುಂಟು; ಪೆಟ್ಟಿನ ಗುರುತು ದಿನಗಳಲ್ಲಿ ಬಣ್ಣ ಬದಲಿಸಿ ಮಾಯವಾಗುತ್ತದೆ, ಮಚ್ಚೆ ಹಾಗೆಯೇ ಇರುತ್ತದೆ. ಮಗುವನ್ನು ಸ್ನಾನಕ್ಕೆ ಹಾಕಿದಾಗ ತೆಗೆದ ಹಳೆಯ ಫೋಟೊ ದಿನಾಂಕಸಹಿತ ಸಿಕ್ಕರೆ ವಕೀಲರಿಗೆ ಕೊಡಿ. ಗೊತ್ತಿಲ್ಲದ ಕಾರಣವನ್ನು ಊಹಿಸಿ ಹೇಳಬೇಡಿ: ಇಂದು "ತೊಟ್ಟಿಲಿನಿಂದ ಬಿದ್ದಿರಬಹುದು", ನಾಳೆ "ಅಣ್ಣ ಎಳೆದಿರಬಹುದು" ಎಂದರೆ, ಹೇಳಿಕೆ ಬದಲಾಗುತ್ತಿದೆ ಎಂಬುದೇ ನಿಮ್ಮ ಮೇಲಿನ ದೊಡ್ಡ ಆರೋಪವಾಗುತ್ತದೆ.

ಪ್ರಶ್ನೆ: ನನ್ನ ಪತಿ ಮೂರು ವರ್ಷಗಳ ನಂತರ ದೋಷಮುಕ್ತರಾದರು. ದೂರು ಕೊಟ್ಟವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಬಹುದೇ?

ಉತ್ತರ: ಹೂಡಬಹುದು, ಆದರೆ ಗೆಲ್ಲುವುದು ಕಷ್ಟ. ಪ್ರಾಮಾಣಿಕ ಅನುಮಾನದಿಂದ ದೂರು ಕೊಟ್ಟವರಿಗೆ ಬಹುತೇಕ ಎಲ್ಲೆಡೆ ಕಾನೂನಿನ ರಕ್ಷಣೆಯಿದೆ, ಮತ್ತು ಇರಲೇಬೇಕು. ಫ್ರಾನ್ಸಿನ ಊತ್ರೋ ಪ್ರಕರಣದಲ್ಲಿ 17 ಆರೋಪಿಗಳ ಪೈಕಿ 13 ಮಂದಿ 2004 ಮತ್ತು 2005ರಲ್ಲಿ ನಿರ್ದೋಷಿಗಳೆಂದು ಬಿಡುಗಡೆಯಾದರು. ಅದೇ ಪ್ರಕರಣದಲ್ಲಿ 12 ಮಕ್ಕಳು ನಿಜವಾಗಿಯೂ ದೌರ್ಜನ್ಯಕ್ಕೊಳಗಾಗಿದ್ದರೆಂದು ನ್ಯಾಯಾಲಯ ಒಪ್ಪಿತ್ತು. ಸುಳ್ಳೆಂದು ತಿಳಿದೂ ದೂರು ಕೊಟ್ಟರೆಂಬುದಕ್ಕೆ ಸಂದೇಶವೋ ಪತ್ರವೋ ನಿಮ್ಮ ಕೈಯಲ್ಲಿದ್ದರೆ ಮಾತ್ರ ಆ ದಾರಿ ಹಿಡಿಯಿರಿ, ಅದಕ್ಕೆ ಕಾಲಮಿತಿಯಿರುತ್ತದೆ. ಅದಕ್ಕಿಂತ ಮೊದಲು ತೀರ್ಪಿನ ದೃಢೀಕೃತ ಪ್ರತಿ ಪಡೆದು, ಅಮಾನತಿನ ಅವಧಿಯ ಬಾಕಿ ಸಂಬಳಕ್ಕೂ, ಸೇವಾ ದಾಖಲೆಯಿಂದ ಆರೋಪದ ನಮೂದನ್ನು ತೆಗೆಸುವುದಕ್ಕೂ ಅರ್ಜಿ ಹಾಕಿ. ಮಕ್ಕಳೊಂದಿಗೆ ಕೆಲಸ ಮಾಡುವವರ ಹಿನ್ನೆಲೆ ಪರಿಶೀಲನೆಗೆ ಪ್ರತ್ಯೇಕ ನೋಂದಣಿ ಪಟ್ಟಿ ಇರುವ ಕಡೆ, ನ್ಯಾಯಾಲಯ ಬಿಡುಗಡೆ ಮಾಡಿದರೂ ಆ ಪಟ್ಟಿಯಲ್ಲಿ ಹೆಸರು ಉಳಿದಿರಬಹುದು. ಅದನ್ನು ತೆಗೆಸಲು ಬೇರೆಯೇ ಅರ್ಜಿ ಬೇಕಾಗುತ್ತದೆ.