ಪ್ರತಿಕ್ರಿಯೆ: ಸಿಟ್ಟು ನೆತ್ತಿಗೇರಿದಾಗ ಡಿಬಿಟಿಯೊಳಗ ಏನೈತಿ?
ಸಿಟ್ಟು ನೆತ್ತಿಗೇರಿದಾಗ ಬರೇ ಉಸಿರಾಟದಿಂದ ಇಳಿಯೂದಿಲ್ಲ, ಡಿಬಿಟಿಯೊಳಗ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಉಕ್ಕಿ ಬರೂ ಭಾವನೆ ಸಂಭಾಳಿಸೂದು ಕಲಿಸೂ ಮನಸ್ಸಿನ ಚಿಕಿತ್ಸೆ) ಬ್ಯಾರೆ ಉಪಾಯ ಐತೇನು ಅಂತ ಕೇಳೀರಿ. ಐತ್ರಿ. ಮೊದಲು ತಣ್ಣೀರು. ಬೋಗುಣಿ ನೀರಿಗೆ ಐಸ್ ಹಾಕ್ರಿ, ಬಗ್ಗಿ, ಉಸಿರು ಹಿಡಿದು, ಕಣ್ಣು-ಗಲ್ಲ ಮುಳುಗೂಹಂಗ 15ರಿಂದ 30 ಸೆಕೆಂಡ್ ಮುಖ ಇಡ್ರಿ. ಎದಿಬಡಿತ ತಾನಾಗೇ ಇಳೀತೈತಿ. ವಿಜಯಪುರದ ಬ್ಯಾಸಗ್ಯಾಗ ನಳದ ನೀರು ನಡಿಯೂದಿಲ್ಲ, ಅದೇ ಬಿಸಿ ಇರ್ತೈತಿ! ಹೃದಯದ ತೊಂದರಿ ಇದ್ರ, ಊಟ ಬಿಟ್ಟು ಸೊರಗಿದ್ರ ಡಾಕ್ಟರನ್ನ ಕೇಳದ ಮಾಡಬ್ಯಾಡ್ರಿ.

ಆಮ್ಯಾಲೆ ಉಸಿರಾಟ: 4 ಎಣಿಸಿ ಒಳಗ, 6 ಎಣಿಸಿ ಹೊರಗ. ಒಳಗಷ್ಟೇ ಜೋರು ಎಳದ್ರ ತಲಿ ಗಿರ್ ಅಂತೈತಿ. ಇದು ಸಿಟ್ಟಿನ ಕಾರಣ ಕಳಿಯೂದಿಲ್ಲ, ಸ್ವಲ್ಪ ಹೊತ್ತು ಬಿಡುವು ಕೊಡ್ತೈತಿ ಅಷ್ಟ. ಅಮೆರಿಕಾದ ಮನಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಕಟ್ಟಿದ ಪೂರ್ತಿ ಡಿಬಿಟಿ ಚಿಕಿತ್ಸೆಗೆ ವಾರವಾರ ಭೇಟಿ, ಗುಂಪಿನ ತರಬೇತಿ ಎರಡೂ ಬೇಕ್ರಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಾಗ ವಿಚಾರಿಸ್ರಿ. ಜೀವಕ್ಕ ಏನರ ಮಾಡ್ಕೋಬೇಕು ಅನಿಸಿದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕ ಫೋನ್ ಹಚ್ಚ್ರಿ, ರಾತ್ರಿನೂ ಎತ್ತತಾರ.